ಕೆಲಸ ಹೋದಾಗ ಕೈಗೆ ಬರಬೇಕಾದ ಹಣ
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಂಜೆ ನಾವು ಆಡಬೇಕೆಂದಿರುವ ಮಾತು ಸಂತೋಷದ ಮಾತಲ್ಲ. ಕೆಲಸ ಹೋಗುವ ವಿಚಾರವನ್ನು ಯಾರೂ ಬಯಸಿ ಎತ್ತುವುದಿಲ್ಲ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿಗೆ ಬಂದ ನಮಗೆ ಕೆಲಸವೊಂದೇ ಆಧಾರ. ಊರಿನಲ್ಲಿ ಕಷ್ಟ ಬಂದರೆ ಹಿತ್ತಿಲಲ್ಲಿ ನಾಲ್ಕು ಬಸಳೆ ಬಳ್ಳಿಯಾದರೂ ಇರುತ್ತದೆ, ನೆರೆಮನೆಯಲ್ಲಿ ಒಂದು ಸೇರು ಅಕ್ಕಿಯಾದರೂ ಕಡವಾಗಿ ಸಿಗುತ್ತದೆ. ಇಲ್ಲಿ ಪಗಾರ ನಿಂತರೆ ಅದೇ ತಿಂಗಳು ಖೋಲಿಯ ಬಾಡಿಗೆ ನಿಲ್ಲುತ್ತದೆ, ಖಾನಾವಳಿಯ ಲೆಕ್ಕ ನಿಲ್ಲುತ್ತದೆ, ಊರಿನಲ್ಲಿರುವ ತಾಯಿಗೆ ಕಳುಹಿಸುವ ಹಣ ನಿಲ್ಲುತ್ತದೆ. ಆದ್ದರಿಂದ ಕೆಲಸ ಇರುವಾಗಲೇ, ತಲೆ ತಣ್ಣಗಿರುವಾಗಲೇ, ಈ ವಿಷಯವನ್ನು ನಾವೆಲ್ಲ ಕೂಡಿ ತಿಳಿದುಕೊಳ್ಳುವುದು ಒಳ್ಳೆಯದು.

ಕೆಲಸ ಕಳೆದುಕೊಂಡವನಿಗೆ ವಿಮೆಯ ಹಣ ಕೊಡುವ ಪದ್ಧತಿ ನಮ್ಮ ದೇಶದಲ್ಲಿ ಉಂಟೇ ಎಂದು ಕೇಳುವವರಿದ್ದಾರೆ. ಉಂಟು. ಚಿಕ್ಕದಾಗಿ ಉಂಟು, ಹಲವು ಷರತ್ತುಗಳೊಡನೆ ಉಂಟು. ಅದನ್ನು ಪಡೆಯಲು ಅರ್ಹರಾದವರಲ್ಲಿ ಅನೇಕರಿಗೆ ಅದರ ಹೆಸರೇ ತಿಳಿಯದು. ತಿಳಿದವರಲ್ಲಿಯೂ ಕೆಲವರು ಒಂದು ತಪ್ಪು ಕಾಗದಕ್ಕೆ ಸಹಿ ಹಾಕಿ ಅದನ್ನು ಕಳೆದುಕೊಳ್ಳುತ್ತಾರೆ. ಈ ಎರಡು ನಷ್ಟಗಳೂ ನಮ್ಮ ಸದಸ್ಯರಿಗೆ ಆಗಬಾರದೆಂಬುದೇ ಇಂದಿನ ಮಾತಿನ ಉದ್ದೇಶ.

ಮೊದಲು ಸ್ವಲ್ಪ ಹಿಂದಿನ ಸಂಗತಿ. ಕೆಲಸವಿಲ್ಲದ ದಿನಗಳಿಗಾಗಿ ಕಾಯಿದೆಯ ಮೂಲಕ ಕಡ್ಡಾಯ ವಿಮೆಯನ್ನು ಬ್ರಿಟನ್ 1911ರಲ್ಲಿಯೇ ಏರ್ಪಡಿಸಿತು. ಕಟ್ಟಡ ಕಟ್ಟುವುದು, ಹಡಗು ಕಟ್ಟುವುದು, ಯಂತ್ರ ತಯಾರಿಸುವುದು ಮುಂತಾದ, ಕೆಲಸ ಏರಿಳಿಯುವ ಉದ್ಯೋಗಗಳಿಗೆ ಅದು ಮೊದಲು ಅನ್ವಯಿಸಿತು. ಕೆಲಸಗಾರ, ಮಾಲಿಕ, ಸರಕಾರ ಮೂವರೂ ಸೇರಿ ಹಣ ಕೂಡಿಡುವುದು, ಕೆಲಸ ಹೋದವನಿಗೆ ಆ ನಿಧಿಯಿಂದ ವಾರವಾರ ಕೊಡುವುದು, ಇದು ಅದರ ಕ್ರಮ. ನಮ್ಮ ದೇಶದಲ್ಲಿ ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಅವರು ಕಾರ್ಮಿಕರ ಆರೋಗ್ಯ ವಿಮೆಯ ಬಗೆಗೆ 1944ರಲ್ಲಿ ವರದಿ ಕೊಟ್ಟರು. ಅದರಿಂದ 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ, ಎಂದರೆ ನಾವೆಲ್ಲ ಇ.ಎಸ್.ಐ. ಎಂದು ಕರೆಯುವ ವ್ಯವಸ್ಥೆ, ಹುಟ್ಟಿತು. 1952ರ ಫೆಬ್ರವರಿ 24ರಂದು ಪಂಡಿತ ಜವಾಹರಲಾಲ್ ನೆಹರೂ ಅವರು ಕಾನಪುರದಲ್ಲಿ ಅದನ್ನು ಉದ್ಘಾಟಿಸಿದರು.

ಇ.ಎಸ್.ಐ. ಕಚೇರಿಗಳ ಮೇಲೆ ‘ಪಂಚದೀಪ’ ಎಂಬ ಹೆಸರನ್ನು ನೀವು ನೋಡಿರಬಹುದು. ಲೋವರ್ ಪರೇಲಿನಲ್ಲಿ, ಕಾರ್ಮಿಕ ಮುಖಂಡರಾದ ನಾರಾಯಣ ಮಲ್ಹಾರ ಜೋಶಿಯವರ ಹೆಸರಿನ ರಸ್ತೆಯಲ್ಲಿ, ಪಂಚದೀಪ ಭವನವಿದೆ. ಆ ಕಾಯಿದೆ ತಂದ ಮುಖ್ಯ ಸೌಲಭ್ಯಗಳೂ ಐದು: ವೈದ್ಯಕೀಯ ಉಪಚಾರ, ಕಾಯಿಲೆಯ ಭತ್ಯೆ, ಹೆರಿಗೆಯ ಭತ್ಯೆ, ಅಂಗವಿಕಲತೆಯ ಭತ್ಯೆ, ಮತ್ತು ಕೆಲಸದಲ್ಲಿ ಪ್ರಾಣ ಕಳೆದುಕೊಂಡವನ ಆಶ್ರಿತರಿಗೆ ಭತ್ಯೆ. ಈ ಐದರಲ್ಲಿ ನಿರುದ್ಯೋಗವಿಲ್ಲ. ನಮ್ಮ ಸಂವಿಧಾನದ 41ನೆಯ ವಿಧಿ ಮಾತ್ರ ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವಿಕಲತೆ ಇವುಗಳಲ್ಲಿ ಪ್ರಜೆಗೆ ನೆರವು ದೊರೆಯುವಂತೆ ಸರಕಾರ ತನ್ನ ಶಕ್ತಿಯ ಮಿತಿಯಲ್ಲಿ ವ್ಯವಸ್ಥೆ ಮಾಡಬೇಕೆಂದು ಹೇಳುತ್ತದೆ. ನಿರುದ್ಯೋಗವೆಂಬ ಮಾತನ್ನು ಅದು ಮುಪ್ಪಿಗಿಂತಲೂ ಕಾಯಿಲೆಗಿಂತಲೂ ಮೊದಲೇ ಹೆಸರಿಸಿದೆ ಎಂಬುದನ್ನು ನೆನಪಿಡಬೇಕು.

1953ರಲ್ಲಿ ಬಟ್ಟೆಗಿರಣಿಗಳಲ್ಲಿ ಮಾರಾಟವಾಗದ ಮಾಲು ಕೂಡಿಬಿದ್ದು ಪಾಳಿಗಳು ನಿಲ್ಲುವ ಭಯ ಬಂದಾಗ, ಕೈಗಾರಿಕಾ ವಿವಾದ ಕಾಯಿದೆಗೆ ತಿದ್ದುಪಡಿ ತಂದು, ತಾತ್ಕಾಲಿಕವಾಗಿ ಕೆಲಸ ನಿಲ್ಲಿಸಿದರೆ ಅರ್ಧ ಪಗಾರ, ಪೂರ್ತಿಯಾಗಿ ತೆಗೆದರೆ ಸೇವೆಯ ವರ್ಷಕ್ಕೆ 15 ದಿನದ ಪಗಾರದಂತೆ ಪರಿಹಾರ ಎಂದು ಮಾಡಿದರು. ಅದು ಮಾಲಿಕನು ಕೊಡಬೇಕಾದ ಹಣ, ವಿಮೆಯಲ್ಲ. ಮಾಲಿಕನು ಬಾಗಿಲು ಹಾಕಿ ಹೋದರೆ, ಕೋರ್ಟು ಕಚೇರಿ ಸುತ್ತಿಸಿದರೆ, ಕೆಲಸಗಾರನ ಕೈ ಬರಿದೇ. 1982ರ ಜನವರಿ 18ರಿಂದ ನಡೆದ ಮುಂಬಯಿ ಗಿರಣಿ ಮುಷ್ಕರವನ್ನು ಕಂಡ ಹಿರಿಯರು ಈ ಸಭೆಯಲ್ಲಿದ್ದಾರೆ. ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಮನೆಗಳಲ್ಲಿ ಒಲೆ ಹೇಗೆ ಉರಿಯಿತೆಂಬುದನ್ನು ಅವರೇ ಹೇಳಬೇಕು. ಮುಂದೆ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗಲೂ ನಿರುದ್ಯೋಗದ ವಿಮೆ ಎಂಬುದು ಇರಲಿಲ್ಲ.

ಅದು ಬಂದದ್ದು 2005ರ ಏಪ್ರಿಲ್ 1ರಂದು, ‘ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ’ ಎಂಬ ಹೆಸರಿನಿಂದ. ಎರಡನೆಯದು 2018ರ ಜುಲೈ 1ರಂದು ಪ್ರಾಯೋಗಿಕವಾಗಿ ಆರಂಭವಾದ ‘ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ’. ಎರಡೂ ಇ.ಎಸ್.ಐ. ನಿಗಮದ ಮೂಲಕವೇ ನಡೆಯುವಂಥವು. ಹೆಸರುಗಳು ಉದ್ದ. ನಮ್ಮ ಅನುಕೂಲಕ್ಕಾಗಿ ಒಂದನ್ನು ರಾಜೀವ್ ಯೋಜನೆ, ಇನ್ನೊಂದನ್ನು ಅಟಲ್ ಯೋಜನೆ ಎನ್ನೋಣ.

ಇವು ಯಾರಿಗೆ ಅನ್ವಯಿಸುತ್ತವೆ? ಇ.ಎಸ್.ಐ.ಗೆ ಸೇರಿದವರಿಗೆ ಮಾತ್ರ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1948ರ ಕಾಯಿದೆಯ ಸ್ಥಾನದಲ್ಲಿ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆ ನಿಂತಿದೆ. ಹತ್ತು ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆ ಇ.ಎಸ್.ಐ.ಗೆ ಒಳಪಡುತ್ತದೆ. ಕಾರಖಾನೆ ಮಾತ್ರವಲ್ಲ, ಹೊಟೇಲು, ಅಂಗಡಿ, ಸಾರಿಗೆಯ ಕಂಪೆನಿಗಳೂ ಇದರಲ್ಲಿ ಸೇರುತ್ತವೆ. ಪಗಾರದ ಮಿತಿಯನ್ನು 2017ರ ಜನವರಿಯಲ್ಲಿ ತಿಂಗಳಿಗೆ 15,000 ರೂಪಾಯಿಯಿಂದ 21,000 ರೂಪಾಯಿಗೆ ಏರಿಸಿದರು. 2019ರ ಜುಲೈಯಲ್ಲಿ ವಂತಿಗೆಯ ದರವನ್ನು ಇಳಿಸಿ, ಪಗಾರದ ಶೇಕಡಾ 0.75ರಷ್ಟನ್ನು ಕೆಲಸಗಾರನಿಂದಲೂ ಶೇಕಡಾ 3.25ರಷ್ಟನ್ನು ಮಾಲಿಕನಿಂದಲೂ ಎಂದು ಗೊತ್ತು ಮಾಡಿದರು. ತಿಂಗಳಿಗೆ 18,000 ರೂಪಾಯಿ ಪಗಾರವಿರುವವನಿಂದ ಮುರಿಯುವುದು 135 ರೂಪಾಯಿ, ಮಾಲಿಕನು ಸೇರಿಸಬೇಕಾದದ್ದು 585 ರೂಪಾಯಿ. ಮಾಲಿಕನ ಪಾಲನ್ನೂ ಕೆಲಸಗಾರನ ಪಗಾರದಿಂದಲೇ ಮುರಿಯುವುದು ಕಾಯಿದೆಗೆ ವಿರುದ್ಧ. ಗುತ್ತಿಗೆದಾರನ ಕೈಕೆಳಗೆ ದುಡಿಯುವವರಿಗೂ ಒಂದು ಮಾತು: ಮುಕಾದಮನು ವಂತಿಗೆ ಕಟ್ಟದಿದ್ದರೆ ಮುಖ್ಯ ಮಾಲಿಕನೇ ಕಟ್ಟಬೇಕಾಗುತ್ತದೆ. ‘ನೀನು ನಮ್ಮ ಆಳಲ್ಲ’ ಎಂಬ ಮಾತು ಇಲ್ಲಿ ನಡೆಯದು.

ಇನ್ನು ಎರಡು ಯೋಜನೆಗಳನ್ನು ಒಂದೊಂದಾಗಿ ನೋಡೋಣ.

ರಾಜೀವ್ ಯೋಜನೆ ಮೂರು ಸಂದರ್ಭಗಳಿಗೆ ಮೀಸಲು. ಸಂಸ್ಥೆ ಮುಚ್ಚಿಹೋಗಿರಬೇಕು, ಅಥವಾ ಕೆಲಸಗಾರನನ್ನು ಕಾಯಿದೆಯ ಪ್ರಕಾರ ಹೆಚ್ಚುವರಿಯೆಂದು ತೆಗೆದಿರಬೇಕು, ಅಥವಾ ಕೆಲಸಕ್ಕೆ ಸಂಬಂಧವಿಲ್ಲದ ಪೆಟ್ಟಿನಿಂದ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವಿಕಲತೆ ಬಂದು ಕೆಲಸ ಹೋಗಿರಬೇಕು. ಕೆಲಸ ಹೋಗುವ ಮುಂಚೆ ಎರಡು ವರ್ಷಗಳ ವಂತಿಗೆ ಸಂದಿರಬೇಕು. ಇಷ್ಟಿದ್ದರೆ ಹೆಚ್ಚೆಂದರೆ 24 ತಿಂಗಳು ಭತ್ಯೆ ದೊರೆಯುತ್ತದೆ: ಮೊದಲ 12 ತಿಂಗಳು ಸರಾಸರಿ ದಿನಗೂಲಿಯ ಶೇಕಡಾ 50, ಅನಂತರದ 12 ತಿಂಗಳು ಶೇಕಡಾ 25. ಭತ್ಯೆಯ ಕಾಲದಲ್ಲಿ ಕೆಲಸಗಾರನಿಗೂ ಅವನ ಕುಟುಂಬಕ್ಕೂ ಇ.ಎಸ್.ಐ. ವೈದ್ಯಕೀಯ ಉಪಚಾರ ಮುಂದುವರಿಯುತ್ತದೆ. ಮನೆಯಲ್ಲಿ ಕಾಯಿಲೆಯವರಿದ್ದರೆ ಇದೊಂದೇ ದೊಡ್ಡ ಉಪಕಾರ.

ಅಟಲ್ ಯೋಜನೆಯ ಬಾಗಿಲು ಇದಕ್ಕಿಂತ ಅಗಲ, ಆದರೆ ಒಳಗಿರುವ ಹಣ ಕಡಿಮೆ. ಸಂಸ್ಥೆ ಮುಚ್ಚಿರಬೇಕೆಂಬ ಷರತ್ತು ಇಲ್ಲಿಲ್ಲ. ಕೆಲಸ ಹೋದದ್ದು ದುರ್ನಡತೆಗಾಗಿ ಕೊಟ್ಟ ಶಿಕ್ಷೆಯಿಂದಾಗಲಿ, ನಿವೃತ್ತಿಯ ವಯಸ್ಸಿನಿಂದಾಗಲಿ, ಸ್ವಯಂ ನಿವೃತ್ತಿಯಿಂದಾಗಲಿ ಆಗಿರಬಾರದು, ಅಷ್ಟೆ. ಜೀವಮಾನದಲ್ಲಿ ಒಮ್ಮೆ, ಹೆಚ್ಚೆಂದರೆ 90 ದಿನಗಳಿಗೆ ಇದು ಸಿಗುತ್ತದೆ. ಆರಂಭದಲ್ಲಿ ಸರಾಸರಿ ದಿನಗಳಿಕೆಯ ಶೇಕಡಾ 25ರಷ್ಟಿದ್ದ ದರವನ್ನು ಕೊರೋನಾ ಕಾಲದಲ್ಲಿ, 2020ರ ಮಾರ್ಚ್ 24ರಿಂದ ಅನ್ವಯಿಸುವಂತೆ, ಶೇಕಡಾ 50ಕ್ಕೆ ಏರಿಸಿದರು. ಮೊದಲು ಕೆಲಸ ಹೋಗಿ 90 ದಿನ ಕಾಯಬೇಕಾಗಿತ್ತು. ಅದನ್ನು 30 ದಿನಕ್ಕೆ ಇಳಿಸಿದರು. ಮೊದಲು ಅರ್ಜಿ ಹಳೆಯ ಮಾಲಿಕನ ಮೂಲಕ ಹೋಗಬೇಕಾಗಿತ್ತು. ಈಗ ಕೆಲಸಗಾರನೇ ನೇರವಾಗಿ ಶಾಖಾ ಕಚೇರಿಗೆ ಸಲ್ಲಿಸಬಹುದು. ಹೊರಗೆ ಹಾಕಿದವನ ಬಾಗಿಲಿಗೇ ಹೋಗಿ ಸಹಿಗಾಗಿ ನಿಲ್ಲುವ ಅವಮಾನ ತಪ್ಪಿತು. ಛಾಪಾ ಕಾಗದದ ಪ್ರಮಾಣಪತ್ರದ ಷರತ್ತನ್ನೂ 2020ರಲ್ಲಿಯೇ ತೆಗೆದುಹಾಕಿದರು.

ಈ ಯೋಜನೆ ಒಂದೇ ಸಲಕ್ಕೆ ಶಾಶ್ವತವಾಗಿ ಮಾಡಿದ್ದಲ್ಲ, ಅವಧಿ ಅವಧಿಗೆ ವಿಸ್ತರಿಸುತ್ತ ಬಂದದ್ದು. ಆದ್ದರಿಂದ ಅರ್ಜಿ ಹಾಕುವಾಗ ಯೋಜನೆ ಎಲ್ಲಿಯವರೆಗೆ ವಿಸ್ತರಿಸಿದೆ, ದರ ಎಷ್ಟಿದೆ ಎಂದು ಶಾಖಾ ಕಚೇರಿಯಲ್ಲಿ ಮೊದಲು ಕೇಳಿಕೊಳ್ಳಬೇಕು. ಎರಡು ಯೋಜನೆಗಳ ಹಣವನ್ನೂ ಒಂದೇ ಕಾಲಕ್ಕೆ ಪಡೆಯಲಾಗದು. ಸಂಸ್ಥೆ ಮುಚ್ಚಿದ್ದರೆ, ಇಲ್ಲವೆ ಹೆಚ್ಚುವರಿಯೆಂದು ತೆಗೆದಿದ್ದರೆ, ಮೊದಲು ರಾಜೀವ್ ಯೋಜನೆಯನ್ನು ಕೇಳಬೇಕು. 24 ತಿಂಗಳಿನ ಹಕ್ಕುಳ್ಳವನು 90 ದಿನದ ಹಣಕ್ಕೆ ತೃಪ್ತನಾಗಿ ಮನೆಗೆ ಹೋಗಬಾರದು.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿಯೇ ಈ ಮಾತಿನ ಮುಖ್ಯ ಅಂಶವಿದೆ.

ಇ.ಎಸ್.ಐ.ಯಲ್ಲಿ ವರ್ಷಕ್ಕೆ ಎರಡು ವಂತಿಗೆ ಅವಧಿಗಳು: ಏಪ್ರಿಲಿನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರಿನಿಂದ ಮಾರ್ಚ್ ಇನ್ನೊಂದು. ಅಟಲ್ ಯೋಜನೆಯ ಪ್ರಕಾರ ಕೆಲಸ ಹೋಗುವ ಮುಂಚೆ ಕಡಿಮೆಯೆಂದರೆ ಎರಡು ವರ್ಷ ವಿಮೆಗೆ ಒಳಪಟ್ಟ ಕೆಲಸದಲ್ಲಿರಬೇಕು. ಕೆಲಸ ಹೋಗುವುದಕ್ಕೆ ಹಿಂದಿನ ವಂತಿಗೆ ಅವಧಿಯಲ್ಲಿ 78 ದಿನಗಳಿಗೆ ಕಡಿಮೆಯಿಲ್ಲದಂತೆ ವಂತಿಗೆ ಸಂದಿರಬೇಕು. ಆ ಎರಡು ವರ್ಷಗಳ ಉಳಿದ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿಯೂ 78 ದಿನ ಸಂದಿರಬೇಕು. ಒಬ್ಬನ ಕೆಲಸ 2025ರ ನವೆಂಬರ್ 10ರಂದು ಹೋಯಿತೆಂದು ಇಟ್ಟುಕೊಳ್ಳಿ. 2025ರ ಏಪ್ರಿಲ್–ಸೆಪ್ಟೆಂಬರಿನಲ್ಲಿ 78 ದಿನ ಬೇಕು. ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ, ಎಂದರೆ 2023ರ ಅಕ್ಟೋಬರಿನಿಂದ 2025ರ ಮಾರ್ಚಿನವರೆಗಿನ ಕಾಲದಲ್ಲಿ, ಒಂದು ಅವಧಿಯಾದರೂ 78 ದಿನ ತುಂಬಿರಬೇಕು.

ಹಣವನ್ನು ಎಣಿಸುವ ರೀತಿ ಹೀಗೆ: ನಾಲ್ಕು ಅವಧಿಗಳಲ್ಲಿ ದಾಖಲಾದ ಒಟ್ಟು ಪಗಾರವನ್ನು 730ರಿಂದ, ಎಂದರೆ ಎರಡು ವರ್ಷದ ದಿನಗಳಿಂದ, ಭಾಗಿಸುತ್ತಾರೆ. ಬಂದದ್ದು ಸರಾಸರಿ ದಿನಗಳಿಕೆ. ತಿಂಗಳಿಗೆ 18,000ದಂತೆ 24 ತಿಂಗಳಿನ ಪಗಾರವೂ ದಾಖಲೆಯಲ್ಲಿದ್ದರೆ ಒಟ್ಟು 4,32,000 ರೂಪಾಯಿ. 730ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 592. ಅದರ ಅರ್ಧ ಸುಮಾರು 296. 90 ದಿನಕ್ಕೆ 26,600 ರೂಪಾಯಿಯ ಆಚೀಚೆ.

ಈಗ ಅವನ ಜೊತೆಗೇ ಕೆಲಸ ಮಾಡಿದ ಇನ್ನೊಬ್ಬನನ್ನು ನೋಡಿ. ಪಗಾರ ಅಷ್ಟೇ, ದುಡಿದದ್ದೂ ಅಷ್ಟೇ. ಆದರೆ ಮಾಲಿಕನು ಎರಡು ವರ್ಷಗಳಲ್ಲಿ 12 ತಿಂಗಳ ವಂತಿಗೆಯನ್ನು ಮಾತ್ರ ಕಟ್ಟಿದ್ದಾನೆ. ಆಗ ದಾಖಲೆಯಲ್ಲಿರುವುದು 2,16,000 ರೂಪಾಯಿ. ಭಾಗಿಸುವುದು ಮಾತ್ರ ಅದೇ 730ರಿಂದ. ಅರ್ಧ ದರದಲ್ಲಿ ದಿನಕ್ಕೆ ಸುಮಾರು 148. 90 ದಿನಕ್ಕೆ 13,300ರ ಆಸುಪಾಸು. ಒಂದೇ ಬೆಂಚಿನಲ್ಲಿ ಕುಳಿತು ಒಂದೇ ಕೆಲಸ ಮಾಡಿದ ಇಬ್ಬರಲ್ಲಿ ಒಬ್ಬನಿಗೆ ಪೂರ್ತಿ, ಒಬ್ಬನಿಗೆ ಅರ್ಧ. ಇಬ್ಬರ ಬೆವರಿನಲ್ಲಿ ಭೇದವಿಲ್ಲ, ದಾಖಲೆಯಲ್ಲಿ ಮಾತ್ರ ಭೇದ.

ಬಂಧುಗಳೆ, ಈ ಭತ್ಯೆ ನಮಗೆ ಸಿಗುವುದೋ ಇಲ್ಲವೋ, ಸಿಕ್ಕರೆ ಎಷ್ಟು ಎಂಬುದು ಬಹುಪಾಲು ಕೆಲಸ ಹೋಗುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಅರ್ಜಿ ಬರೆಯುವ ದಿನ ನಾವು ಮಾಡಬಹುದಾದದ್ದು ಸ್ವಲ್ಪ. ಕೆಲಸದಲ್ಲಿರುವ ದಿನಗಳಲ್ಲಿ ಮಾಡಬಹುದಾದದ್ದು ಬಹಳ. ಅದನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು ವಿಮಾ ಸಂಖ್ಯೆ. ಇ.ಎಸ್.ಐ.ಯ ಹತ್ತು ಅಂಕಿಗಳ ಸಂಖ್ಯೆ ಕೆಲಸಗಾರನದೇ ಹೊರತು ಮಾಲಿಕನದಲ್ಲ. ಕೆಲಸ ಬದಲಾದರೂ ಅದು ಬದಲಾಗಬೇಕಾಗಿಲ್ಲ. ಆದರೆ ಹೊಸ ಕೆಲಸಕ್ಕೆ ಸೇರುವಾಗ ಹಳೆಯ ಸಂಖ್ಯೆಯನ್ನು ಹೇಳದಿದ್ದರೆ ಹೊಸ ಸಂಖ್ಯೆಯೊಂದು ಹುಟ್ಟಿಕೊಳ್ಳುತ್ತದೆ. ಆಗ ನಿಮ್ಮ ಎರಡು ವರ್ಷದ ಸೇವೆ ಎರಡು ಕಡೆ ಹರಿದು ಹಂಚಿಹೋಗುತ್ತದೆ, ಯಾವ ಕಡೆಯೂ ಲೆಕ್ಕ ತುಂಬುವುದಿಲ್ಲ. ಹೊಟೇಲಿನಿಂದ ಹೊಟೇಲಿಗೆ ಕೆಲಸ ಬದಲಾಯಿಸುವ ನಮ್ಮ ಹುಡುಗರು ಇದನ್ನು ಮುಖ್ಯವಾಗಿ ಗಮನಿಸಬೇಕು. ಈಗಾಗಲೇ ಎರಡು ಸಂಖ್ಯೆಗಳಿದ್ದರೆ ಅವನ್ನು ಒಂದುಗೂಡಿಸುವಂತೆ ಶಾಖಾ ಕಚೇರಿಯಲ್ಲಿ ಈಗಲೇ ಬರೆದುಕೊಡಿ.

ಎರಡನೆಯದು ವಂತಿಗೆಯ ತನಿಖೆ. ಪಗಾರದ ಚೀಟಿಯಲ್ಲಿ ಇ.ಎಸ್.ಐ. ಎಂದು ಹಣ ಮುರಿದಿರುವುದಕ್ಕೂ, ಆ ಹಣ ನಿಗಮಕ್ಕೆ ಸಂದಿರುವುದಕ್ಕೂ ವ್ಯತ್ಯಾಸವಿದೆ. ನಿಗಮದ ಜಾಲತಾಣದಲ್ಲಿ ವಿಮಾದಾರನು ತನ್ನ ಸಂಖ್ಯೆಯ ಮೂಲಕ ಯಾವ ತಿಂಗಳು ಎಷ್ಟು ದಿನಕ್ಕೆ, ಎಷ್ಟು ಪಗಾರಕ್ಕೆ ವಂತಿಗೆ ಬಂದಿದೆ ಎಂಬುದನ್ನು ನೋಡಬಹುದು. ವರ್ಷಕ್ಕೆ ಎರಡು ಸಲ, ಅಕ್ಟೋಬರಿನಲ್ಲೊಮ್ಮೆ ಏಪ್ರಿಲಿನಲ್ಲೊಮ್ಮೆ, ನೋಡಿಕೊಂಡರೆ ಸಾಕು. ಓದಲು ಬಾರದವರು ಮಕ್ಕಳಿಂದ ನೋಡಿಸಲಿ, ಇಲ್ಲವೆ ಸಂಘಕ್ಕೆ ಬರಲಿ. 26 ದಿನ ದುಡಿದವನ ಹೆಸರಿನಲ್ಲಿ 12 ದಿನ ಬರೆದಿದ್ದರೆ, 18,000 ಕೊಟ್ಟು 9,000 ತೋರಿಸಿದ್ದರೆ, ಆಗಲೇ ಕೇಳಬೇಕು. ಹಣ ಮುರಿದುಕೊಂಡು ಕಟ್ಟದಿರುವುದು ಶಿಕ್ಷಾರ್ಹ ಅಪರಾಧ. ಪಗಾರ ಚೀಟಿಗಳನ್ನು ಬಿಸಾಡದೆ ಇಟ್ಟುಕೊಂಡವನ ಮಾತಿಗೆ ಕಚೇರಿಯಲ್ಲಿ ತೂಕ ಹೆಚ್ಚು.

ಮೂರನೆಯದು ಹೆಸರು ಮತ್ತು ಬ್ಯಾಂಕು. ಹಣ ನೇರವಾಗಿ ಬ್ಯಾಂಕಿನ ಖಾತೆಗೆ ಬರುತ್ತದೆ. ಆಧಾರ್ ಚೀಟಿ, ಇ.ಎಸ್.ಐ. ದಾಖಲೆ, ಬ್ಯಾಂಕಿನ ಪುಸ್ತಕ ಮೂರರಲ್ಲಿಯೂ ಹೆಸರು, ಹುಟ್ಟಿದ ದಿನ ಒಂದೇ ಆಗಿರಬೇಕು. ನಮ್ಮವರಿಗೆ ಇದು ದೊಡ್ಡ ತೊಡಕು. ಊರಿನ ಶಾಲೆಯಲ್ಲಿ ಮನೆತನದ ಹೆಸರು ಮುಂದೆ, ಮುಂಬಯಿಯಲ್ಲಿ ತಂದೆಯ ಹೆಸರು ನಡುವೆ. ಒಂದು ಕಡೆ ಪೂಜಾರಿ, ಇನ್ನೊಂದು ಕಡೆ ಬರೀ ಇನಿಷಿಯಲ್. ಇದನ್ನು ಮೊದಲೇ ತಿದ್ದಿಸಿಕೊಳ್ಳಬೇಕು. ಊರಿನ ಬ್ಯಾಂಕಿನ ಹಳೆಯ ಖಾತೆಯನ್ನು ಕೊಟ್ಟವರು ಇನ್ನೊಂದು ಸಂಗತಿ ನೋಡಬೇಕು. ವಿಜಯಾ ಬ್ಯಾಂಕು 2019ರ ಏಪ್ರಿಲಿನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲಿನಲ್ಲಿ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ ಸೇರಿದವು. ನಮ್ಮ ಕರಾವಳಿಯ ಮನೆಮನೆಗಳಲ್ಲಿ ಇದ್ದದ್ದು ಈ ಬ್ಯಾಂಕುಗಳ ಪುಸ್ತಕಗಳೇ. ಶಾಖೆಯ ಸಂಕೇತಗಳು ಬದಲಾಗಿವೆ. ಹಳೆಯ ಸಂಕೇತ ದಾಖಲೆಯಲ್ಲಿ ಉಳಿದಿದ್ದರೆ ಮಂಜೂರಾದ ಹಣವೂ ಹಿಂದಿರುಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ಕೆಲಸ ಹೋಗುವ ದಿನದ ಎಚ್ಚರ. ಮಾಲಿಕರು, ಅವರಲ್ಲೂ ಸಣ್ಣ ಸಂಸ್ಥೆಗಳವರು, ಕೆಲಸಗಾರನನ್ನು ಕರೆದು, ‘ಇಲ್ಲೊಂದು ಸಹಿ ಹಾಕು, ಬಾಕಿ ಹಣ ಈಗಲೇ ಕೊಡುತ್ತೇನೆ’ ಎನ್ನುವುದುಂಟು. ಎದುರಿಗೆ ನೋಟುಗಳಿರುತ್ತವೆ, ಕಾಗದ ಇಂಗ್ಲಿಷಿನಲ್ಲಿರುತ್ತದೆ. ಅನೇಕ ಸಲ ಅದು ರಾಜೀನಾಮೆಯ ಕಾಗದ: ‘ಸ್ವಂತ ಕಾರಣದಿಂದ, ನನ್ನ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ’ ಎಂದು. ಆ ಒಂದು ಸಹಿಯಿಂದ ತೆಗೆದುಹಾಕಲ್ಪಟ್ಟವನು ತಾನಾಗಿ ಬಿಟ್ಟುಹೋದವನಾಗುತ್ತಾನೆ. ಹೆಚ್ಚುವರಿಯೆಂದು ತೆಗೆದವನಿಗೆ ಸಲ್ಲಬೇಕಾದ ಪರಿಹಾರ ಹೋಗುತ್ತದೆ, ರಾಜೀವ್ ಯೋಜನೆಯ ಹಕ್ಕು ಹೋಗುತ್ತದೆ, ಅಟಲ್ ಯೋಜನೆಯ ಅರ್ಜಿಗೂ ತೊಡಕು ಬರುತ್ತದೆ. ಧಣಿಗಳು ಊರಿನವರು, ಮಾತು ಮೀರಬಾರದು ಎಂಬ ದಾಕ್ಷಿಣ್ಯ ನಮ್ಮಲ್ಲಿ ಬಹಳ. ದಾಕ್ಷಿಣ್ಯ ಊಟದ ಎಲೆಯ ಮುಂದೆ ಇರಲಿ, ಸಹಿಯ ಕಾಗದದ ಮುಂದೆ ಬೇಡ. ‘ಧಣಿ, ಓದಿಸಿ ನಾಳೆ ತರುತ್ತೇನೆ’ ಎಂದು ಹೇಳಿದರೆ ಅದು ಅಗೌರವವಲ್ಲ. ಬರಿಯ ಕಾಗದಕ್ಕಂತೂ ಯಾವ ಕಾರಣಕ್ಕೂ ಸಹಿ ಹಾಕಬೇಡಿ.

ಕೆಲಸದಿಂದ ತೆಗೆದದ್ದನ್ನು, ಅಥವಾ ಸಂಸ್ಥೆ ಮುಚ್ಚಿದ್ದನ್ನು, ಕಾರಣ ಮತ್ತು ತಾರೀಖಿನೊಡನೆ ಬರಹದಲ್ಲಿ ಕೇಳಿರಿ. ಮಾಲಿಕನು ನಿಗಮಕ್ಕೆ ತಿಂಗಳ ಲೆಕ್ಕ ಒಪ್ಪಿಸುವಾಗ ನಿಮ್ಮ ಕೊನೆಯ ದಿನವನ್ನೂ ಕಾರಣವನ್ನೂ ನಮೂದಿಸುತ್ತಾನೆ. ಅಲ್ಲಿ ‘ಕೆಲಸ ಬಿಟ್ಟ’ ಎಂದಿದೆಯೋ ‘ಹೆಚ್ಚುವರಿಯಾಗಿ ತೆಗೆಯಲಾಗಿದೆ’ ಎಂದಿದೆಯೋ ವಿಚಾರಿಸಿರಿ. ಒಂದು ವರ್ಷ ಸತತವಾಗಿ ದುಡಿದ ಕೆಲಸಗಾರನನ್ನು ಹೆಚ್ಚುವರಿಯೆಂದು ತೆಗೆದರೆ ಒಂದು ತಿಂಗಳ ನೋಟೀಸು ಅಥವಾ ಅದರ ಪಗಾರ, ಸೇವೆಯ ವರ್ಷಕ್ಕೆ 15 ದಿನದ ಪರಿಹಾರ ಇವು ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಉಳಿದಿವೆ. ಮರುತರಬೇತಿಯ ನಿಧಿಯ ಮೂಲಕ ಇನ್ನೂ 15 ದಿನದ ಪಗಾರಕ್ಕೆ ಅದು ಅವಕಾಶ ಮಾಡಿದೆ. ಬಾಕಿ ಪಗಾರವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ಭವಿಷ್ಯನಿಧಿಯ ಹಣ ನಿಮ್ಮದೇ ಉಳಿತಾಯ. ಅದನ್ನು ಕೊಟ್ಟೆವೆಂದು ಹೇಳಿ ಬೇರೆ ಹಣವನ್ನು ತಪ್ಪಿಸುವಂತಿಲ್ಲ.

ಇನ್ನು ಅರ್ಜಿಯ ಮಾತು. ಕೆಲಸ ಹೋಗಿ 30 ದಿನ ಕಳೆದ ಕೂಡಲೇ ಅಟಲ್ ಯೋಜನೆಯ ಅರ್ಜಿಯನ್ನು ನಿಗಮದ ಜಾಲತಾಣದಲ್ಲಿ ತುಂಬಬಹುದು. ಆಧಾರ್ ಪ್ರತಿಯನ್ನೂ ಬ್ಯಾಂಕಿನ ಪುಸ್ತಕದ ಪ್ರತಿಯನ್ನೂ ಜೊತೆಗೆ ಸೇರಿಸಬೇಕು. ಅಲ್ಲಿಯೇ ಸೇರಿಸಲು ಆಗದಿದ್ದರೆ ಅರ್ಜಿಯನ್ನು ಅಚ್ಚು ತೆಗೆದು, ಸಹಿ ಹಾಕಿ, ಪ್ರತಿಗಳೊಡನೆ ಶಾಖಾ ಕಚೇರಿಗೆ ಕೊಡಬೇಕು. ಮುಂದೆ ಬರುವ ದಿನಗಳಿಗಾಗಿ ಹಣ ಕೇಳಲಾಗದು, ಕಳೆದ ದಿನಗಳಿಗೆ ಮಾತ್ರ. ಈ ನಡುವೆ ಬೇರೆ ಕೆಲಸ ಸಿಕ್ಕರೆ ಸಿಗುವ ತನಕದ ದಿನಗಳಿಗೆ ಭತ್ಯೆ ಉಂಟು, ಅನಂತರ ಇಲ್ಲ. ಕೆಲಸ ಸಿಕ್ಕಿದ್ದನ್ನು ಮುಚ್ಚಿಟ್ಟು ಹಣ ಪಡೆಯುವುದು ಅಪರಾಧ. ಅಂಥ ಒಬ್ಬನಿಂದ ನಿಜವಾಗಿ ಕಷ್ಟದಲ್ಲಿರುವ ಹತ್ತು ಜನರ ಅರ್ಜಿಗಳನ್ನು ಸಂಶಯದಿಂದ ನೋಡುವಂತಾಗುತ್ತದೆ. ಕೆಲಸ ಹೋಯಿತೆಂದು ಊರಿಗೆ ಹೋದವರೂ ಅಲ್ಲಿಂದಲೇ ಅರ್ಜಿ ತುಂಬಬಹುದು. ಊರು ಸೇರಿದ ಮಾತ್ರಕ್ಕೆ ಹಕ್ಕು ಇಲ್ಲಿಯೇ ಉಳಿದುಬಿಡುವುದಿಲ್ಲ.

ಅರ್ಜಿಗೆ ಶುಲ್ಕವಿಲ್ಲ. ಕಚೇರಿಯ ಮುಂದೆ ನಿಂತು ‘ಇಷ್ಟು ಕೊಡು, ಮಾಡಿಸಿಕೊಡುತ್ತೇನೆ’ ಎನ್ನುವ ದಲ್ಲಾಳಿಗೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಮೊಬೈಲಿಗೆ ಬರುವ ಗುಪ್ತ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ. ಅರ್ಜಿ ತಿರಸ್ಕಾರವಾದರೆ ಬಾಯಿಮಾತಿಗೆ ಹಿಂದಿರುಗಬೇಡಿ, ಕಾರಣವನ್ನು ಬರಹದಲ್ಲಿ ಕೇಳಿರಿ. ನಿಗಮವು ದೂರುಗಳನ್ನು ಕೇಳಲು ‘ಸುವಿಧಾ ಸಮಾಗಮ’ ಎಂಬ ಸಭೆಯನ್ನು ತಿಂಗಳಿಗೊಮ್ಮೆ ನಡೆಸುತ್ತದೆ. ಕಾಗದಗಳೊಡನೆ ಅಲ್ಲಿಗೆ ಹೋಗಬಹುದು. ಒಬ್ಬೊಬ್ಬರಾಗಿ ಹೋಗುವುದಕ್ಕಿಂತ ಸಂಘದವರನ್ನು ಕರೆದುಕೊಂಡು ಹೋಗುವುದು ಲೇಸು.

ಇದೇ ಮಾತಿಗೆ ಸೇರಿದ ಇನ್ನೊಂದು ಪ್ರಶ್ನೆ. ಕರ್ನಾಟಕದಲ್ಲಿ 2023ರ ಡಿಸೆಂಬರಿನಲ್ಲಿ ನೋಂದಣಿ ಆರಂಭವಾದ ‘ಯುವನಿಧಿ’ ನಮಗೂ ಸಿಗುವುದೇ ಎಂದು ಕೇಳುತ್ತಾರೆ. ಅದು ಪದವಿ ಅಥವಾ ಡಿಪ್ಲೊಮಾ ಮುಗಿಸಿ ಕೆಲಸ ದೊರೆಯದ ಕರ್ನಾಟಕದ ತರುಣರಿಗೆ ಸರಕಾರ ಕೊಡುವ ನೆರವು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯೆಂದು ಅದನ್ನು ಗೊತ್ತುಮಾಡಲಾಯಿತು. ಅದು ಒಳ್ಳೆಯದೇ, ಆದರೆ ಅದು ವಿಮೆಯಲ್ಲ. ನಾವು ಈ ಹೊತ್ತು ಹೇಳುತ್ತಿರುವುದು ದುಡಿಯುತ್ತಿದ್ದವನು ತನ್ನ ಪಗಾರದಿಂದ ತಿಂಗಳು ತಿಂಗಳು ಕಟ್ಟಿದ ಹಣದ ಮೇಲಿನ ಹಕ್ಕು. ಇದನ್ನು ಕೇಳಲು ಹೋಗುವವನು ಭಿಕ್ಷೆಗೆ ಹೋಗುವವನಲ್ಲ. ಕೆಲಸ ಹೋದದ್ದನ್ನು ನಾಚಿಕೆಯೆಂದು ಬಗೆದು ಖೋಲಿಯ ಜೊತೆಗಾರರಿಗೂ ಹೇಳದೆ ದಿನವೂ ಬೆಳಿಗ್ಗೆ ಹೊರಬಿದ್ದು ಸಂಜೆ ಬರುವವರನ್ನು ನಾವು ಕಂಡಿದ್ದೇವೆ. ಮುಚ್ಚಿದ ಕಾರಖಾನೆಯ ನಾಚಿಕೆಯನ್ನು ಕೆಲಸಗಾರ ಹೊರಬೇಕಾಗಿಲ್ಲ.

ಇಷ್ಟು ಹೇಳಿ, ಈ ವ್ಯವಸ್ಥೆ ಸಾಕೆಂದು ನಾವು ಹೇಳುತ್ತಿಲ್ಲ. ಜೀವಮಾನದಲ್ಲಿ ಒಮ್ಮೆ 90 ದಿನ ಎಂಬುದು ಬಹಳ ಕಡಿಮೆ. ಈ ನಗರದಲ್ಲಿ ಒಂದೇ ಸಲ ಕೆಲಸ ಕಳೆದುಕೊಳ್ಳುವ ಭಾಗ್ಯ ಎಷ್ಟು ಜನರಿಗಿದೆ? ವಿಸ್ತರಣೆಯ ಆದೇಶದ ಮೇಲೆ ನಿಂತ ಭತ್ಯೆ ಕಾಯಿದೆಯ ಹಕ್ಕಿಗೆ ಸಮನಲ್ಲ. ಪಂಚದೀಪಕ್ಕೆ ಆರನೆಯ ದೀಪವಾಗಿ ನಿರುದ್ಯೋಗ ವಿಮೆ ಕಾಯಿದೆಯೊಳಗೇ ಸೇರಬೇಕು. ಹತ್ತು ಜನರಿಗೆ ಕಡಿಮೆಯಿರುವ ಚಹಾದಂಗಡಿಯ ಹುಡುಗ, ಮನೆಗೆಲಸದ ತಾಯಿ, ಇಂದು ಇಲ್ಲಿ ನಾಳೆ ಅಲ್ಲಿ ಎಂದು ಕಟ್ಟಡದ ಕೆಲಸಕ್ಕೆ ಬರುವ ಕಲಬುರ್ಗಿ, ವಿಜಯಪುರ, ಯಾದಗಿರಿಗಳ ನಮ್ಮ ಬಂಧುಗಳು, ಇವರಲ್ಲಿ ಹೆಚ್ಚಿನವರು ಇಂದು ಈ ಲೆಕ್ಕದ ಹೊರಗೇ ಇದ್ದಾರೆ. ಹೆಚ್ಚು ಬೇಗ ಕೆಲಸ ಕಳೆದುಕೊಳ್ಳುವವರೂ ಅವರೇ. 2020ರಲ್ಲಿ ಕಾಲ್ನಡಿಗೆಯಲ್ಲಿ ಊರಿಗೆ ಹೊರಟವರನ್ನು ಮರೆಯುವಷ್ಟು ಕಾಲ ಇನ್ನೂ ಕಳೆದಿಲ್ಲ. ಅವರನ್ನು ಒಳಗೆ ತರುವ ಬೇಡಿಕೆಯನ್ನು ಎಲ್ಲ ಭಾಷೆಯ ಕಾರ್ಮಿಕ ಸಂಘಗಳೊಡನೆ ಸೇರಿ ನಾವು ಎತ್ತಬೇಕು.

ಆದರೆ ಬೇಡಿಕೆ ಎತ್ತುವವರು ಇದ್ದದ್ದನ್ನು ಬಿಟ್ಟುಕೊಡಬಾರದು. ಬಳಸದೆ ಬಿದ್ದ ಹಕ್ಕನ್ನು ತೋರಿಸಿ, ‘ಇದು ಯಾರಿಗೂ ಬೇಕಾಗಿಲ್ಲ’ ಎಂದು ಹೇಳುವುದು ಸುಲಭ. ಅರ್ಹನಾದ ಪ್ರತಿಯೊಬ್ಬನೂ ಅರ್ಜಿ ಹಾಕಿದರೆ ಅದೇ ನಮ್ಮ ಬೇಡಿಕೆಯ ಮೊದಲ ಸಾಕ್ಷಿ. ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಈ ವಾರದೊಳಗೆ ನಿಮ್ಮ ವಿಮಾ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರಿಗೂ ತಿಳಿಸಿಡಿ. ಕಳೆದ ನಾಲ್ಕು ಅವಧಿಗಳ ವಂತಿಗೆಯನ್ನು ನೋಡಿಕೊಳ್ಳಿ. ಎಲ್ಲಿಯಾದರೂ ದಿನ ತಪ್ಪಿದ್ದರೆ, ಹೆಸರು ತಪ್ಪಿದ್ದರೆ, ಬ್ಯಾಂಕಿನ ಸಂಕೇತ ತಪ್ಪಿದ್ದರೆ, ಕಾಗದಗಳೊಡನೆ ಸಂಘದ ಕಚೇರಿಗೆ ಬನ್ನಿ. ಕೂಡಿ ಕುಳಿತು ಸರಿಪಡಿಸೋಣ.